ಕೆಂಪು ಗೆರೆಗೆ ಅರ್ಧ ಇಂಚು ಕೆಳಗೆ

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಅಷ್ಟು ವರ್ಷ ನಿಂತು ನೋಡಿದ ಮೇಲೆ ಮನುಷ್ಯರ ಮೇಲೆ ದೊಡ್ಡ ಭಕ್ತಿಯೇನೂ ಉಳಿಯುವುದಿಲ್ಲ. ಟಿಕೆಟ್ ತೆಗೆದುಕೊಳ್ಳದವನು ಕಿಟಕಿಯಿಂದ ಹೊರಗೆ ನೋಡುತ್ತಾನೆ, ತೆಗೆದುಕೊಂಡವನು ಚಿಲ್ಲರೆಗಾಗಿ ನನ್ನ ಮುಖವನ್ನೇ ನೋಡುತ್ತಾನೆ. ನನ್ನ ಲೋಕಜ್ಞಾನ ಹೆಚ್ಚುಕಡಿಮೆ ಇಷ್ಟೇ. ಅಂಥ ನಾನು ಒಬ್ಬ ಹೆಂಗಸಿನ ಬಗ್ಗೆ ಬರೆಯಲು ಪೆನ್ನು ಹಿಡಿದಿದ್ದೇನೆ ಅಂದರೆ ನನ್ನ ಮನೆಯವರೇ ನಗುತ್ತಾರೆ. ನಗಲಿ. ಅಳತೆ ಅಕ್ಕನ ಬಗ್ಗೆ ಯಾರಾದರೂ ಬರೆಯಬೇಕಿತ್ತು, ಬೇರೆ ಯಾರೂ ಬರೆಯುವ ಹಾಗೆ ಕಾಣಲಿಲ್ಲ.

ಮೊದಲು ನನ್ನ ಭುಜದ ಕಥೆ ಮುಗಿಸಿಬಿಡುತ್ತೇನೆ, ಅದೇನು ಅಂಥ ದೊಡ್ಡದಲ್ಲ. ವರ್ಷಗಟ್ಟಲೆ ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದು ತೂಗಾಡಿದ್ದಕ್ಕೆ ಒಂದು ದಿನ ಭುಜ ಹಿಡಿದುಕೊಂಡಿತು. ಅಂಗಿ ಹಾಕಲು ಆಗದು, ತಲೆ ಬಾಚಲು ಆಗದು. ನನ್ನನ್ನು ಬಸ್ಸಿನಿಂದ ಇಳಿಸಿ ಡಿಪೋದ ಕಿಟಕಿಯ ಹಿಂದೆ ಕೂರಿಸಿದರು. ಆಸ್ಪತ್ರೆಯ ಡಾಕ್ಟರು ಮಾತ್ರೆ ಬರೆದು ಬರೆದು ಅವರಿಗೇ ಬೇಜಾರಾಗಿ, "ಹಿಂದಿನ ಕಟ್ಟಡಕ್ಕೆ ಹೋಗ್ರೀ, ಅಲ್ಲಿ ನೋಡ್ಕೋತಾರೆ" ಅಂದರು.

ಹಿಂದಿನ ಕಟ್ಟಡ ಎಂದರೆ ಒಂದು ಕಾಲದಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ಕೋಣೆ. ಬಾಗಿಲ ಮೇಲೆ 'ಸಮಗ್ರ ಆರೋಗ್ಯ ಕೇಂದ್ರ' ಎಂಬ ಬೋರ್ಡು. ಸಮಗ್ರ ಎಂಬ ಪದ ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಏನೂ ಇಲ್ಲದ ಕಡೆಯೇ ಅದನ್ನು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಒಳಗೆ ಇಣುಕಿದರೆ ಹಾಗೇ ಇತ್ತು: ಹನ್ನೆರಡು ಚಾಪೆ, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಬಿಸಿನೀರಿನ ಒಂದು ದೊಡ್ಡ ಪಾತ್ರೆ, ಉದ್ದಕ್ಕೆ ಒಂದು ಬಿಳಿ ಗೋಡೆ. ನಡೆಸುವವರು ಒಬ್ಬರೇ, ವ್ಯಾಯಾಮದ ಮೇಡಂ. ನಲವತ್ತು ದಾಟಿದ, ಗಟ್ಟಿ ಧ್ವನಿಯ ಹೆಂಗಸು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆಯುತ್ತಿದ್ದರು. ಕಾಲು ಗಂಟೆ ಉಸಿರಾಟ, ಆಮೇಲೆ ಕೈಕಾಲು ಸಡಿಲ ಮಾಡುವುದು, ಬಿಸಿನೀರಿನಲ್ಲಿ ಹಿಂಡಿದ ಟವೆಲಿನ ಶಾಖ. ಕೊನೆಗೆ ಎಲ್ಲರೂ ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕೂರಬೇಕು. ಮೇಡಂ ಒಬ್ಬೊಬ್ಬರಿಗೂ ಮೂರು ಪ್ರಶ್ನೆ ಕೇಳುತ್ತಿದ್ದರು. ನಿದ್ದೆ ಬಂತಾ? ಏನು ಊಟ ಮಾಡಿದ್ರಿ? ನಿನ್ನೆ ಯಾರ ಜೊತೆ ಮಾತಾಡಿದ್ರಿ?

"ಭುಜಕ್ಕೂ ಇದಕ್ಕೂ ಏನ್ ಸಂಬಂಧ ಮೇಡಂ?" ಅಂತ ಮೊದಲ ದಿನವೇ ಕೇಳಿದೆ. ಬಾಯಿ ಸುಮ್ಮನಿರುವುದಿಲ್ಲ.

"ಭುಜ ಒಂದೇ ನಡ್ಕೊಂಡು ಬಂದು ಇಲ್ಲಿ ಕೂತಿಲ್ಲವಲ್ಲ ಕಂಡಕ್ಟರ್ರೇ, ಜೊತೆಗೆ ನೀವೂ ಬಂದಿದೀರಿ" ಅಂದರು.

ಇನ್ನು ಆ ಗೋಡೆ. ಅದರ ಮೇಲೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಕೆಳಗಿಂದ ಮೇಲಕ್ಕೆ ಎಳೆದ ಒಂದೊಂದು ಪಟ್ಟಿ. ಗೋಡೆಗೆ ಎದುರಾಗಿ ನಿಂತು, ಹಿಡಿದುಕೊಂಡ ಕೈಯ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಬೇಕು. ಎಲ್ಲಿ ನೋವು ತಡೆಯುವುದಿಲ್ಲವೋ ಅಲ್ಲಿ ನಿಲ್ಲಿಸಬೇಕು. ಶನಿವಾರ ಮಾತ್ರ ಮೇಡಂ ಬಂದು, ಬೆರಳು ನಿಂತ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ತಾರೀಖು ಬರೆಯುತ್ತಿದ್ದರು. ಸರಿಯಿರುವ ಕೈ ಮುಟ್ಟುವ ಎತ್ತರಕ್ಕಿಂತ ಒಂದು ಗೇಣು ಕೆಳಗೆ ಕೆಂಪು ಗೆರೆ. ಅಲ್ಲಿಗೆ ಬೆರಳು ತಲುಪಿತೆಂದರೆ ನೀವು ಪಾಸು. ಉಳಿದದ್ದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನಿಮ್ಮ ಕುರ್ಚಿ ಹೊರಗೆ ಕಾಯುತ್ತಿರುವವರಿಗೆ. ಇದು ಆ ಕೋಣೆಯ ಕಟ್ಟುನಿಟ್ಟಿನ ನಿಯಮ, ಯಾಕೆಂದರೆ ಕುರ್ಚಿ ಹನ್ನೆರಡೇ, ಹಿಡಿದುಕೊಂಡ ಭುಜಗಳು ಊರ ತುಂಬ.

ನಾನು ಸೇರಿದ ಎರಡನೆಯ ವಾರ ಅಕ್ಕ ಬಂದಳು. ಐವತ್ತಾರು ವರ್ಷ, ಸಣಕಲು ಮೈ, ಗಂಡಸಿನ ಹಾಗೆ ಗಿಡ್ಡಗೆ ಕತ್ತರಿಸಿದ ಕೂದಲು, ನೀಲಿ ಬಣ್ಣದ ಕೆಲಸದ ಮೇಲಂಗಿ, ಕುತ್ತಿಗೆಯಲ್ಲಿ ಅಳತೆಯ ಟೇಪು. ನೋಡಿದ ಕೂಡಲೇ ಗೊತ್ತಾಯಿತು. ಸಮವಸ್ತ್ರ ಹೊಲಿಯುವ ಅಂಗಡಿಯ ಕಟಿಂಗ್ ಮಾಸ್ತರು! ಹದಿನಾಲ್ಕು ವರ್ಷದಿಂದ ನನ್ನ ಖಾಕಿಗೆ ಅಳತೆ ತೆಗೆದವಳು ಅವಳೇ. ನಾನು ಹಲ್ಲು ಕಿರಿದೆ. ಅವಳು ನನ್ನ ಮುಖ ನೋಡಿ ಯಾರೋ ಅಂದುಕೊಂಡು ಮುಂದೆ ಹೋದಳು. ನಾನು ಬೆನ್ನು ತಿರುಗಿಸಿ ಚಾಪೆ ಹಾಸುತ್ತಿದ್ದಾಗ ಹಿಂದಿನಿಂದ ಮಾತು ಬಂತು.

"ಬಲಗಡೆ ಮುಕ್ಕಾಲು ಇಂಚು ಇಳಿಜಾರು. ಬಸ್ಸಿನವರಲ್ವಾ ನೀವು?"

ಹದಿನಾಲ್ಕು ವರ್ಷ ನನ್ನನ್ನು ಮುಟ್ಟಿ ಮುಟ್ಟಿ ಅಳೆದಿದ್ದಾಳೆ, ಮುಖ ಮಾತ್ರ ನೋಡಿಲ್ಲ. ಸಿಟ್ಟು ಬರಬೇಕಿತ್ತು, ನಗು ಬಂತು. ಅವತ್ತೇ ನಾನು ಅವಳಿಗೆ ಅಳತೆ ಅಕ್ಕ ಎಂದು ಹೆಸರಿಟ್ಟೆ. ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಅದೇ ನಿಂತಿತು.

ದುಂಡಗೆ ಕೂತಾಗ ಮೇಡಂ ಅವಳನ್ನು ಕೇಳಿದರು. ನಿದ್ದೆ ಬಂತಂತೆ, ಊಟ ಮಾಡಿದಳಂತೆ. ನಿನ್ನೆ ಯಾರ ಜೊತೆ ಮಾತಾಡಿದ್ರಿ ಅಂದದ್ದಕ್ಕೆ, "ಗಿರಾಕಿಗಳ ಜೊತೆ" ಅಂದಳು.

"ಏನು ಮಾತಾಡಿದ್ರಿ?"

ಅಕ್ಕ ಒಂದೊಂದಾಗಿ ಬೆರಳು ಮಡಚಿದಳು. "ನೆಟ್ಟಗೆ ನಿಂತ್ಕೊಳ್ಳಿ. ಕೈ ಎತ್ತಿ. ತಿರುಗಿ. ಬುಧವಾರ ಬನ್ನಿ."

ಎಲ್ಲರೂ ನಕ್ಕರು. ಹಲ್ಲಿನ ಡಾಕ್ಟರೊಬ್ಬರಿದ್ದರು ನಮ್ಮ ಗುಂಪಿನಲ್ಲಿ, "ನಿಮ್ಮದೇ ವಾಸಿ, ನಂದು ಬಾಯಿ ತೆಗೀರಿ, ಬಾಯಿ ಮುಚ್ಚಿ, ಅಷ್ಟೇ" ಅಂದರು. ಅಕ್ಕ ನಗಲಿಲ್ಲ. ಅವಳು ತಮಾಷೆಗೆ ಹೇಳಿರಲಿಲ್ಲ, ಕೇಳಿದ್ದಕ್ಕೆ ಲೆಕ್ಕಾಚಾರವಾಗಿ ಉತ್ತರ ಕೊಟ್ಟಿದ್ದಳು. ಆಮೇಲೆ ಅವಳಿಗೆ ನಮ್ಮ ನಗು ಅರ್ಥವಾಯಿತೇನೋ, ಮಾರನೆಯ ದಿನದಿಂದ ಉತ್ತರ ಬದಲಾಯಿತು. ಪಕ್ಕದ ಮನೆಯವರ ಜೊತೆ ಮಾತಾಡಿದೆ, ಹಳೇ ಸ್ನೇಹಿತೆ ಸಿಕ್ಕಿದ್ದಳು, ತಮ್ಮ ಫೋನ್ ಮಾಡಿದ್ದ. ದಿನಕ್ಕೊಂದು ಹೊಸ ಹೆಸರು. ನನಗೆ ಅನುಮಾನ ಬಂತು. ಉತ್ತರ ಹೇಳುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮೊದಲ ಎರಡು ತಿಂಗಳು ಅವಳ ಕೈ ಒಂದು ಕೂದಲೆಳೆಯಷ್ಟೂ ಮೇಲೆ ಹೋಗಲಿಲ್ಲ. ನಮ್ಮೆಲ್ಲರ ಗುರುತುಗಳು ಏರುತ್ತಿದ್ದವು, ಅವಳ ಪಟ್ಟಿಯಲ್ಲಿ ಎದೆಮಟ್ಟದಲ್ಲೇ ಗುರುತಿನ ಮೇಲೆ ಗುರುತು ಬಿದ್ದು ಗೋಡೆ ಕಪ್ಪಗಾಯಿತು. ಮೇಡಂ ತಲೆ ಕೆಡಿಸಿಕೊಂಡರು. ಸೇರಿದ ದಿನ ಭುಜ ಮುಟ್ಟಿ ನೋಡಲು ಹೋದಾಗ ಅಕ್ಕ ಬೆಚ್ಚಿ ಹಿಂದೆ ಸರಿದಿದ್ದಳು, "ದೂರದಿಂದಲೇ ನೋಡಿ ಮೇಡಂ" ಅಂದಿದ್ದಳು. ಹಾಗಾಗಿ ಮೇಡಂ ಹಿಂದೆ ನಿಂತು ಕಣ್ಣಳತೆಯಲ್ಲೇ ನೋಡಿದ್ದರು. ಎರಡೂ ಭುಜ ಸಮ ಇವೆ, ಕೀಲು ಮಾತ್ರ ಬಿಗಿದಿದೆ ಎಂದು ತೀರ್ಮಾನಿಸಿ ಅದಕ್ಕೆ ತಕ್ಕ ವ್ಯಾಯಾಮ ಹೇಳಿದ್ದರು.

ಒಂದು ದಿನ ಬಿಸಿ ಟವೆಲು ಹಾಕುವಾಗ ಮೇಡಂ ಕೈ ಜಾರಿ ಅವಳ ಭುಜದ ಮೇಲೆ ಒತ್ತಿತು. ಮೇಡಂ ಮುಖ ವಿಚಿತ್ರವಾಯಿತು. ಮತ್ತೊಮ್ಮೆ ಒತ್ತಿದರು.

"ಏನ್ರೀ ಇದು? ಹತ್ತಿ!"

ಹೌದು, ಹತ್ತಿಯೇ. ಮೇಲಂಗಿಯ ಬಲ ಭುಜದ ಒಳಗೆ ಅಕ್ಕ ಒಂದೂಕಾಲು ಇಂಚು ದಪ್ಪದ ಮೆತ್ತೆ ಕೊಟ್ಟು ಹೊಲಿದುಕೊಂಡಿದ್ದಳು. ಭುಜ ಕುಸಿದಿರುವುದು ಅಂಗಡಿಯ ಮಾಲೀಕರಿಗೆ ಕಾಣಬಾರದು ಎಂದು. ಅವಳ ಕಸುಬೇ ಅದು ನೋಡಿ. ಡೊಂಕು ಬೆನ್ನಿನವನನ್ನು ನೆಟ್ಟಗೆ ಕಾಣಿಸುವುದು, ಇಳಿದ ಭುಜವನ್ನು ಎತ್ತಿ ತೋರಿಸುವುದು. ಇನ್ನೊಬ್ಬರಿಗೆ ಜೀವಮಾನ ಪೂರ್ತಿ ಮಾಡಿದ್ದನ್ನು ತನಗೂ ಮಾಡಿಕೊಂಡಳು. ಎಷ್ಟು ಚೆನ್ನಾಗಿ ಮಾಡಿಕೊಂಡಳೆಂದರೆ ವಾಸಿ ಮಾಡಬೇಕಾದವರಿಗೂ ಕಾಯಿಲೆ ಕಾಣಲಿಲ್ಲ.

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಡಂ ನಕ್ಕರು. ಅಕ್ಕ ಮುಖ ಕೆಳಗೆ ಹಾಕಿ ಕೂತಿದ್ದಳು, ಆಮೇಲೆ ಅವಳ ಬೆನ್ನು ಅಲುಗತೊಡಗಿತು. ನಗುತ್ತಿದ್ದಾಳೆಂದುಕೊಂಡೆ. ಅಳುತ್ತಿದ್ದಳು. ಅಮ್ಮ ಸತ್ತು ಮೂರು ವರ್ಷವಾಗಿತ್ತು, ಆವತ್ತಿನಿಂದ ಯಾರೂ ತನ್ನನ್ನು ಮುಟ್ಟಿಲ್ಲ ಎಂದು ಬಿಕ್ಕುತ್ತಲೇ ಹೇಳಿದಳು. ಮೇಡಂ ಒತ್ತಿದ ಕೈಯನ್ನು ತೆಗೆಯಲಿಲ್ಲ, ಟವೆಲು ತಣ್ಣಗಾಗುವವರೆಗೂ ಹಾಗೇ ಇಟ್ಟುಕೊಂಡಿದ್ದರು.

ಮಾರನೆಯ ದಿನ ಅಕ್ಕ ಮೆತ್ತೆ ಬಿಚ್ಚಿ ಬಂದಳು. ಬಲಗಡೆ ಭುಜ ಒಡೆದ ಬಾಗಿಲಿನ ಹಾಗೆ ಜೋತುಬಿದ್ದಿತ್ತು. ಅವತ್ತಿನಿಂದ ಸರಿಯಾದ ಚಿಕಿತ್ಸೆ ಶುರುವಾಯಿತು.

ಆ ಕೋಣೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾರಾದರೂ ಎರಡು ದಿನ ಹೇಳದೆ ಕೇಳದೆ ತಪ್ಪಿಸಿದರೆ ಮೂರನೆಯ ದಿನ ನಮ್ಮಲ್ಲಿ ಒಬ್ಬರು ಹೋಗಿ ಬಾಗಿಲು ತಟ್ಟಬೇಕು. ಅಕ್ಕ ಒಮ್ಮೆ ಎರಡು ದಿನ ಬರಲಿಲ್ಲ. ನನ್ನ ಸರದಿ. ಬೀಗದ ಕೈ ಮಾಡುವವನ ಅಂಗಡಿಯ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಒಂದೇ ಕೋಣೆ, ಪಕ್ಕದಲ್ಲಿ ಒಂದು ಅಡುಗೆಮನೆ. ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ಜ್ವರದಲ್ಲಿ ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ, "ಯಾವ ಮನೆ ಬೇಕಿತ್ತು?" ಅಂತ ಕೇಳಿದಳು. ತನ್ನನ್ನೇ ನೋಡಲು ಒಬ್ಬರು ಬರಬಹುದು ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ.

ನೀರು ಕಾಯಿಸಿಕೊಡೋಣ ಎಂದು ಅಡುಗೆಮನೆಗೆ ಹೋದೆ. ಲೋಟ ಎಲ್ಲಿ ಎಂದು ಮೇಲಿನ ಹಲಗೆಗೆ ಎಡಗೈ ಹಾಕಿದರೆ ಬರೀ ಧೂಳು. ಡಬ್ಬಿ, ಪಾತ್ರೆ, ಲೋಟ ಎಲ್ಲ ಕೆಳಗಿದ್ದವು, ದೀಪದ ಸ್ವಿಚ್ಚು ಕೂಡ ಕೆಳಕ್ಕೆ ಇಳಿದಿತ್ತು. ಕೈ ಇಳಿದ ಹಾಗೆಲ್ಲ ಸಾಮಾನುಗಳನ್ನೂ ಒಂದೊಂದಾಗಿ ಇಳಿಸುತ್ತಾ ಬಂದಿದ್ದಳು. ಆ ಮನೆಯಲ್ಲಿ ಎದೆಮಟ್ಟದಿಂದ ಮೇಲೆ ಯಾರೂ ವಾಸವಿರಲಿಲ್ಲ. ಕೂದಲು ಕತ್ತರಿಸಿದ್ದೂ ಅದಕ್ಕೇ, ಬಾಚಿ ಹೆಣೆಯಲು ಇನ್ನೊಂದು ಕೈ ಬೇಕಲ್ಲ.

ಬಿಸಿನೀರು ಕುಡಿಯುತ್ತಾ ಅವಳು ತಾನಾಗಿಯೇ ಮಾತಾಡಿದಳು. ಅಮ್ಮ ಹಾಸಿಗೆ ಹಿಡಿದು ಒಂಬತ್ತು ವರ್ಷ. ದಿನಕ್ಕೆ ಐದಾರು ಸಲ ಎತ್ತಬೇಕು, ಕೂರಿಸಬೇಕು, ಮಲಗಿಸಬೇಕು. ಆಗೆಲ್ಲ ಭುಜ ಒಂದು ದಿನವೂ ನೋಯಲಿಲ್ಲವಂತೆ. "ಎತ್ತೋಕೆ ಯಾರೂ ಇಲ್ಲದಾಗ ಹಿಡ್ಕೊಳ್ತು ಕಂಡಕ್ಟರ್ರೇ. ಸುಮ್ನಿರೋದು ಅದಕ್ಕೆ ಗೊತ್ತಿರಲಿಲ್ಲ ಅನ್ಸುತ್ತೆ." ತಮ್ಮ ಬೇರೆ ಊರಿನಲ್ಲಿದ್ದಾನೆ, ತಿಂಗಳಿಗೊಮ್ಮೆ ಫೋನು ಮಾಡಿ ಅಕ್ಕ ಆರಾಮಾ ಎನ್ನುತ್ತಾನೆ, ಇವಳು ಆರಾಮು ಎನ್ನುತ್ತಾಳೆ, ಮುಗಿಯಿತು. ನಾನು ಮೇಡಂ ಎಲ್ಲರಿಗೂ ಕೊಡುವ ಉಸಿರಾಟದ ಹಾಳೆಯನ್ನು ಅವಳ ಕೈಗೆ ಕೊಟ್ಟು ಎದ್ದು ಬಂದೆ.

ಜ್ವರ ಬಿಟ್ಟ ಮೇಲೆ ಅಕ್ಕ ಬೇರೆ ಮನುಷ್ಯಳೇ ಆದಳು. ಆರೂವರೆಗೆ ತೆರೆಯುವ ಬಾಗಿಲಿಗೆ ಆರು ಹತ್ತಕ್ಕೇ ಬಂದು ನಿಲ್ಲುವಳು. ಚಾಪೆ ಹಾಸುವಳು, ಕುರ್ಚಿಯ ಕಾಲು ಎಣ್ಣೆ ಕಾಣದ ಯಂತ್ರದ ಹಾಗೆ ಕಿರುಗುಟ್ಟುತ್ತದೆಂದು ಎಲ್ಲ ಕಾಲುಗಳಿಗೂ ಬಟ್ಟೆಯ ಚೂರು ಹೊಲಿದಳು. ಹಲ್ಲಿನ ಡಾಕ್ಟರಿಗೆ, "ನಿಮ್ಮ ಕೋಟಿನ ಕಂಕುಳು ಬಿಗಿ, ತಂದ್ಕೊಡಿ" ಎಂದು ಗದರಿಸಿದಳು. ನಿದ್ದೆ ಬಂತಾ ಎಂದು ಮೇಡಂ ಕೇಳಿದರೆ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಎಚ್ಚರವಾಯಿತು, ಎಲ್ಲ ಹೇಳುವಳು. ಅವಳ ಗುರುತುಗಳು ವಾರಕ್ಕೆ ಅರ್ಧ ಇಂಚು, ಮುಕ್ಕಾಲು ಇಂಚು ಏರುತ್ತಾ ಏರುತ್ತಾ ಕೆಂಪು ಗೆರೆಯ ಹತ್ತಿರ ಬಂದವು.

ಅಲ್ಲಿ ನಿಂತವು. ಗೆರೆಗೆ ಸರಿಯಾಗಿ ಅರ್ಧ ಇಂಚು ಕೆಳಗೆ.

ಒಂದು ವಾರ, ಎರಡು ವಾರ, ಐದು ವಾರ. ಮೇಡಂ ಶಾಖ ಹೆಚ್ಚಿಸಿದರು, ವಿಶ್ರಾಂತಿ ಕೊಟ್ಟರು, ವ್ಯಾಯಾಮ ಬದಲಿಸಿದರು. ಗುರುತು ಕದಲಲಿಲ್ಲ. ನೋವು ಎಂದರೆ ಒಂದು ವಾರ ಸ್ವಲ್ಪ ಹೆಚ್ಚು, ಒಂದು ವಾರ ಸ್ವಲ್ಪ ಕಡಿಮೆ ಇರಬೇಕು. ಇದು ಮಾತ್ರ ಟೇಪು ಹಿಡಿದು ಅಳೆದ ಹಾಗೆ ಪ್ರತಿ ಶನಿವಾರ ಅದೇ ಅರ್ಧ ಇಂಚು. ಅಷ್ಟು ಕರಾರುವಾಕ್ಕಾಗಿ ನಿಲ್ಲಲು ಕಟಿಂಗ್ ಮಾಸ್ತರಿಗೆ ಮಾತ್ರ ಸಾಧ್ಯ.

ಆ ದಿನಗಳಲ್ಲೇ ಹೊಸ ಖಾಕಿಗೆ ಅಳತೆ ಕೊಡಲು ಅವಳ ಅಂಗಡಿಗೆ ಹೋದೆ. ಅಕ್ಕ ಬೆನ್ನು ಮಾಡಿ ನಿಂತಿದ್ದಳು. ನಾನು ನೋಡುತ್ತಿದ್ದಂತೆಯೇ ಮೇಲಿನ ಅಟ್ಟಣಿಗೆಯಿಂದ ಒಂದು ಇಡೀ ಬಟ್ಟೆಯ ಥಾನನ್ನು ಬಲಗೈಯಲ್ಲಿ ಎಳೆದು ಇಳಿಸಿದಳು. ಕೈ ಕಿವಿಗೆ ತಾಗುವಷ್ಟು ನೇರವಾಗಿ ಮೇಲೆ ಹೋಗಿತ್ತು. ತಿರುಗಿದಳು. ನನ್ನನ್ನು ಕಂಡಳು. ಥಾನು ಮೇಜಿನ ಮೇಲೆ ಇಟ್ಟು, ಏನೂ ಆಗದವಳಂತೆ, "ನೆಟ್ಟಗೆ ನಿಂತ್ಕೊಳ್ಳಿ" ಅಂದಳು. ನಾನು ನೆಟ್ಟಗೆ ನಿಂತೆ.

ಮಾರನೆಯ ಬೆಳಿಗ್ಗೆ ಕೇಂದ್ರದಿಂದ ಹೊರಟಾಗ ದಾರಿಯಲ್ಲಿ ಜೊತೆಯಾದೆ. "ಏನಕ್ಕಾ, ಥಾನು ಭಾರ ಇತ್ತಾ?" ಅಂತ ಕೆಣಕಿದೆ. ಅವಳು ನಾಲ್ಕು ಹೆಜ್ಜೆ ನಡೆದು ನಿಂತಳು.

"ಹೇಳ್ಬಿಡ್ತೀರಾ ಮೇಡಂಗೆ?"

"ಯಾಕೆ ಹೀಗೆ ಮಾಡ್ತೀರಿ ಅದನ್ನಾದ್ರೂ ಹೇಳಿ."

"ಈಗ ಎರಡು ದಿನ ಕಾಣಿಸದಿದ್ರೆ ಯಾರಾದ್ರೂ ಬಂದು ಬಾಗಿಲು ತಟ್ತಾರೆ. ಗೆರೆ ಮುಟ್ಟಿದ ಮೇಲೆ ಎರಡು ತಿಂಗಳು ಕಾಣಿಸದಿದ್ರೂ ಯಾರಿಗೆ ಗೊತ್ತಾಗುತ್ತೆ ಹೇಳಿ? ಕೈ ಹೋಗಿದ್ರೆ ಹೋಗ್ಲಿ ಅನ್ಸುತ್ತೆ ಒಂದೊಂದ್ಸಲ. ಇಷ್ಟು ಬೇಗ ಯಾಕೆ ವಾಸಿ ಆಯ್ತೋ ಏನೋ."

ಅವಳಿಗೆ ಬುದ್ಧಿ ಹೇಳಲು ನಾನು ಯಾರು? ನನ್ನ ಪಟ್ಟಿಯ ಗುರುತು ಕೆಂಪು ಗೆರೆಗೆ ಒಂದು ಇಂಚು ಕೆಳಗೆ ಐದು ವಾರದಿಂದ ನಿಂತಿತ್ತು, ಅದನ್ನು ನಿಲ್ಲಿಸಿದ್ದು ನಾನೇ. ನನ್ನ ಮನೆಯಲ್ಲಿ ಏಳು ಜನ. ಬಾಗಿಲು ತೆಗೆದರೆ ಸಂತೆ. ಆದರೆ ನಿದ್ದೆ ಬಂತಾ ಎಂದು ಆ ಏಳು ಜನರಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಇದನ್ನು ಅಕ್ಕನಿಗೆ ಹೇಳಲಿಲ್ಲ. "ನನ್ನ ಬಾಯಿಗೆ ಬೀಗ ಹಾಕ್ಕೊಂಡಿದೀನಿ, ನಡೀರಿ" ಅಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

ಹೊರಗಿನ ಬೆಂಚಿನ ಮೇಲೆ ಆ ತಿಂಗಳಿಂದ ಬೋರ್ಡು ಬರೆಯುವವನೊಬ್ಬ ಬಂದು ಕೂರುತ್ತಿದ್ದ. ಕಾಯುವವರ ಪಟ್ಟಿಯಲ್ಲಿ ಮೊದಲನೆಯವನು. ಬಣ್ಣ ಹತ್ತಿದ ಉಗುರು, ನಾಲ್ಕು ದಿನದ ಗಡ್ಡ. ಕುಂಚ ಎತ್ತಲಾಗದೆ ಕೆಲಸ ನಿಂತಿತ್ತು. ಪ್ರತಿ ಶನಿವಾರ ಬಾಗಿಲ ಬಳಿ ಬಂದು, "ಜಾಗ ಖಾಲಿ ಆಯ್ತಾ ಮೇಡಂ?" ಎಂದು ಮೆಲ್ಲಗೆ ಕೇಳುವನು. ಇಲ್ಲ ಎಂದರೆ ತಲೆಯಾಡಿಸಿ ಹೋಗುವನು. ನಾನು ಅವನತ್ತ ನೋಡುತ್ತಿರಲಿಲ್ಲ. ಕಿಟಕಿ ಕಡೆ ನೋಡುತ್ತಿದ್ದೆ, ಯಾಕೆಂದು ನಿಮಗೆ ಗೊತ್ತು.

ಅಕ್ಕ ನೋಡಿದಳು. ಅವಳು ಮುಖ ನೋಡುವವಳಲ್ಲ, ಬಟ್ಟೆ ನೋಡುವವಳು. ಒಂಬತ್ತನೆಯ ವಾರದ ಶುಕ್ರವಾರ ದಾರಿಯಲ್ಲಿ ತಟ್ಟನೆ ಕೇಳಿದಳು.

"ಆ ಬೋರ್ಡಿನವರ ಅಂಗಿ ನೋಡಿದ್ರಾ?"

"ಕೊಳೆಯಾಗಿದೆ."

"ಕೊಳೆ ಅಲ್ರೀ. ಬಲಗೈ ಹೊಲಿಗೆ ಕಂಕುಳಿಂದ ಕೆಳಗಿನವರೆಗೂ ಬಿಚ್ಚಿದೆ. ಪಿನ್ನು ಹಾಕಿದಾರೆ. ಬ್ಲೇಡಲ್ಲಿ ಕೊಯ್ದಿರೋದು, ಅದೂ ಎಡಗೈಲಿ, ಗೀರು ಎಲ್ಲೆಲ್ಲೋ ಹೋಗಿದೆ. ತೋಳು ತೂರಿಸೋಕೆ ಆಗದೆ ತಾವೇ ಕೊಯ್ಕೊಂಡಿದಾರೆ." ಅವಳು ದಾರಿಯಲ್ಲೇ ನಿಂತಳು. "ಮನೇಲಿ ಒಂದು ನರಪಿಳ್ಳೆ ಇದ್ದಿದ್ರೂ ಅಂಗಿ ಹಾಕಿಸ್ತಿರಲಿಲ್ವಾ? ಯಾರೂ ಇಲ್ಲ ಅವರಿಗೆ. ಒಬ್ರೇ ಇದಾರೆ. ನಾನು ಒಂಬತ್ತು ವಾರದಿಂದ ಅವರ ಕುರ್ಚಿ ಮೇಲೆ ಕೂತಿದೀನಿ."

ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅವಳು ಕೇಳಿಸಿಕೊಳ್ಳದೆ ಬಿರಬಿರನೆ ನಡೆದುಹೋದಳು.

ಶನಿವಾರ ಅಕ್ಕನ ಸರದಿ ಬಂತು. ಗೋಡೆಗೆ ಎದುರಾಗಿ ನಿಂತಳು. ಬೆರಳುಗಳು ಹತ್ತಿದವು. ಕಪ್ಪಗಾದ ಹಳೆಯ ಗುರುತುಗಳನ್ನು ದಾಟಿದವು, ಅರ್ಧ ಇಂಚಿನ ಜಾಗಕ್ಕೆ ಬಂದು ನಿಂತವು. ಮೇಡಂ ಪೆನ್ಸಿಲು ತಂದರು. ಅಷ್ಟರಲ್ಲಿ ಬೆರಳುಗಳು ಮತ್ತೆ ಹೊರಟವು. ಕೆಂಪು ಗೆರೆ ದಾಟಿ, ಅದರ ಮೇಲೆ ಒಂದು ಗೇಣು ಹೋಗಿ, ತುದಿಗಾಲಲ್ಲಿ ನಿಂತು ಇನ್ನೂ ಸ್ವಲ್ಪ ಹೋಗಿ, ಅಲ್ಲಿ ಅಂಗೈ ಗೋಡೆಗೆ ಒತ್ತಿ ನಿಂತಳು.

ಒಂದು ವಾರದಲ್ಲಿ ಯಾರ ಕೈಯೂ ಅಷ್ಟು ಏರುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಗೆರೆ ಮುಟ್ಟಿದವರಿಗೆ ಚಪ್ಪಾಳೆ ತಟ್ಟುವುದು ರೂಢಿ, ಅವತ್ತು ಯಾರೂ ತಟ್ಟಲಿಲ್ಲ.

"ಯಾವಾಗಿನಿಂದ?" ಮೇಡಂ ಕೇಳಿದರು.

"ಒಂಬತ್ತು ವಾರ ಆಯ್ತು ಮೇಡಂ. ಹೊರಗಡೆ ಕೂತಿರೋರನ್ನ ಕರೀರಿ."

ಮೇಡಂ ಬೈಯಲಿಲ್ಲ. ಗುರುತು ಹಾಕಿದರು, ತಾರೀಖು ಬರೆದರು. ಆಮೇಲೆ ದುಂಡಗೆ ಕೂತಾಗ ಎಂದಿನಂತೆ ಅವಳನ್ನೂ ಕೇಳಿದರು, ನಿನ್ನೆ ಯಾರ ಜೊತೆ ಮಾತಾಡಿದ್ರಿ?

"ಕಂಡಕ್ಟರ್ ಜೊತೆ ಐದು ನಿಮಿಷ. ಅದು ಬಿಟ್ರೆ ಯಾರ ಜೊತೆನೂ ಇಲ್ಲ" ಅಂದಳು ಅಕ್ಕ. "ಪಕ್ಕದ ಮನೆಯವರು, ಸ್ನೇಹಿತೆ ಅಂತೆಲ್ಲ ಹೇಳ್ತಿದ್ದೆನಲ್ಲ, ಅವರು ಯಾರೂ ಇಲ್ಲ."

ಸೋಮವಾರ ಆ ಕುರ್ಚಿಯಲ್ಲಿ ಬೋರ್ಡು ಬರೆಯುವವನು ಕೂತಿದ್ದ. ಅವನ ಅಂಗಿಯ ತೋಳಿಗೆ ಪಿನ್ನಿನ ಬದಲು ಸಾಲಾಗಿ ಗುಂಡಿಗಳಿದ್ದವು. ಶನಿವಾರ ಹೊರಗೆ ಹೋಗುವಾಗ ಆ ಕಟಿಂಗ್ ಮಾಸ್ತರು ತನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಹೊಲಿದುಕೊಟ್ಟರು, ಒಂದೇ ಒಂದು ಮಾತು ಆಡಲಿಲ್ಲ ಎಂದು ಹೇಳಿದ.

ನಾನು? ನಾನು ಇನ್ನೂ ಮೂರು ವಾರ ಒಂದು ಇಂಚು ಕೆಳಗೇ ಇದ್ದೆ. ನಾಚಿಕೆಯಾಗುತ್ತಿತ್ತು, ಆದರೆ ನಾಚಿಕೆಗಿಂತ ಕುರ್ಚಿ ಮೆತ್ತಗಿತ್ತು.

ಹೊಸ ಖಾಕಿ ಹಾಕಿ ನೋಡಲು ಬನ್ನಿ ಎಂದು ಅಂಗಡಿಯಿಂದ ಫೋನು ಬಂತು. ಹೋದೆ. ಅಕ್ಕ ಇನ್ನೂ ಬಡವಾಗಿದ್ದಳು. ಅಂಗಿ ತೊಡಿಸಿ, ಹಿಂದೆ ನಿಂತು, "ಕೈ ಎತ್ತಿ" ಅಂದಳು. ಅಭ್ಯಾಸಬಲ. ಎತ್ತಿಬಿಟ್ಟೆ. ಬಲಗೈ ಸೀದಾ ಮೇಲೆ ಹೋಯಿತು. ಇಳಿಸುವಷ್ಟರಲ್ಲಿ ಅವಳು ಕಂಕುಳ ಹತ್ತಿರ ಟೇಪು ಹಿಡಿದು ನೋಡಿಯಾಗಿತ್ತು.

"ಪಟ್ಟೀಲಿ ಈಗ ಎಷ್ಟು ಜನ ಕಾಯ್ತಾ ಇದಾರೆ?" ಅಷ್ಟೇ ಕೇಳಿದಳು.

"ಹದಿನೈದು" ಅಂದೆ. ಮಾತು ತಪ್ಪಿಸಲು, "ನೀವು ಹೇಗಿದೀರಕ್ಕಾ?" ಎಂದೆ.

"ಕೈ ಚೆನ್ನಾಗಿದೆ. ಡಬ್ಬಿಗಳನ್ನೆಲ್ಲ ಮೇಲಿಟ್ಟೆ." ಸೀಮೆಸುಣ್ಣದಿಂದ ನನ್ನ ತೋಳಿನ ಮೇಲೆ ಒಂದು ಗೆರೆ ಎಳೆದಳು. "ಆರು ಗಂಟೆ ಆದ್ರೆ ಚಪ್ಪಲಿ ಹಾಕ್ಕೊಂಡು ಮೆಟ್ಟಿಲು ಇಳೀತೀನಿ. ಕೆಳಗಡೆ ಬಂದ ಮೇಲೆ ನೆನಪಾಗುತ್ತೆ. ವಾಪಸ್ ಹತ್ತುತೀನಿ. ಬುಧವಾರ ಬನ್ನಿ."

ಆ ಶನಿವಾರ ನಾನು ಗೆರೆ ಮುಟ್ಟಿದೆ. ಮುಟ್ಟಿ, ಸತ್ಯ ಹೇಳಿದೆ. ಮೇಡಂ ನಕ್ಕು, "ನಿಮ್ಮದು ನನಗೆ ಮೊದಲೇ ಗೊತ್ತಿತ್ತು ಕಂಡಕ್ಟರ್ರೇ, ನೀವು ನಟನೇಲಿ ಸೊನ್ನೆ" ಅಂದರು. ಪಟ್ಟಿಯಲ್ಲಿ ಮುಂದಿದ್ದ ಹೆಂಗಸೊಬ್ಬರಿಗೆ ನನ್ನ ಕುರ್ಚಿ ಹೋಯಿತು, ಕಾಯುವವರು ಹದಿನಾಲ್ಕಕ್ಕೆ ಇಳಿದರು.

ಸೋಮವಾರ ಎದ್ದವನು ಹೆಂಡತಿಗೆ, "ಒಂದು ಕಡೆ ಬಾಗಿಲು ತಟ್ಟಬೇಕಿದೆ" ಎಂದು ಹೇಳಿ, ಬೀಗದ ಕೈ ಅಂಗಡಿಯ ಮುಂದೆ ಹೋಗಿ ನಿಂತೆ. ಆರು ಗಂಟೆಗೆ ಕಬ್ಬಿಣದ ಮೆಟ್ಟಿಲು ಸದ್ದಾಯಿತು. ಅಕ್ಕ ಇಳಿದು ಬಂದಳು, ಕೊನೆಯ ಮೆಟ್ಟಿಲಲ್ಲಿ ನನ್ನನ್ನು ಕಂಡು ನಿಂತಳು. ಈ ಸಲ ಯಾವ ಮನೆ ಬೇಕಿತ್ತು ಎಂದು ಕೇಳಲಿಲ್ಲ.

"ಎಲ್ಲಿಗೆ?" ಅಂದಳು.

"ಗೊತ್ತಿಲ್ಲ. ನಡೀರಿ."

ಅರ್ಧ ಗಂಟೆ ಎಲ್ಲೆಲ್ಲೋ ಸುತ್ತಿ, ಕೊನೆಗೆ ಕಾಲು ತಾನಾಗಿ ಎಳೆದುಕೊಂಡು ಹೋದ ಕಡೆ ಹೋದೆವು. ಬಾಗಿಲು ತೆರೆದಿತ್ತು, ಒಳಗೆ ಹನ್ನೆರಡೂ ಜನ ಉಸಿರು ಎಳೆದು ಬಿಡುವ ಸದ್ದು. ಹೊರಗಿನ ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಮೇಡಂ ಹೊರಗೆ ಬಂದವರು ನಮ್ಮನ್ನು ಕಂಡು ಸೊಂಟದ ಮೇಲೆ ಕೈಯಿಟ್ಟರು.

"ನಿಮ್ಮಿಬ್ಬರದೂ ಮುಗೀತಲ್ಲ?"

"ಹೆಸರು ಬರ್ಕೊಳ್ಳಿ ಮೇಡಂ, ಕೊನೇಲಿ" ಅಂದಳು ಅಕ್ಕ. "ಕಾಯ್ತೀವಿ."

ಮೇಡಂ ಒಳಗೆ ಹೋಗಿ ಪುಸ್ತಕ ತಂದರು. ಒಂದು ಕಡೆ ಹೆಸರು, ಇನ್ನೊಂದು ಕಡೆ ಏನು ತೊಂದರೆ ಎಂದು ಬರೆಯಬೇಕು. ಪೆನ್ನು ಹಿಡಿದು ಅಕ್ಕನ ಮುಖ ನೋಡಿದರು. "ಭುಜ ಸರಿ ಇದೆ. ಏನು ತೊಂದರೆ ಅಂತ ಬರೀಲಿ?"

ಅಕ್ಕ ಕಿಟಕಿ ಕಡೆ ನೋಡಲಿಲ್ಲ. ಮೇಡಂ ಮುಖವನ್ನೇ ನೋಡಿದಳು.

"ಒಬ್ಬಳೇ ಇದೀನಿ ಅಂತ ಬರೀರಿ."

ಮೇಡಂ ಹದಿನೈದನೆಯ ಸಾಲಿನಲ್ಲಿ ಅದನ್ನೇ ಬರೆದರು. ಆಮೇಲೆ ನನ್ನ ಕಡೆ ತಿರುಗಿದರು. ಮನೆಯಲ್ಲಿ ಏಳು ಜನ ಇರುವ ನಾನು, "ನನಗೂ ಅದೇ" ಅಂದೆ.